ಅಳತೆ ರವಿಕೆ

ಹೊಲಿಗೆ ಮಿಷನ್ ಇದ್ದ ಕೋಣೆಗೆ ಎರಡು ಕಿಟಕಿಗಳಿದ್ದವು ಎಂದು ನಾನು ಹೇಳಿದರೆ, ಒಂದೇ ಇದ್ದದ್ದು ಎನ್ನುತ್ತಾಳೆ ಅಮ್ಮ. ಅವಳ ಮಾತೇ ನಿಜವಿರಬೇಕು, ಆ ಕೋಣೆಯ ಒಳಗೆ ಹೆಚ್ಚು ಹೊತ್ತು ಕಳೆದವಳು ಅವಳು. ನಾನು ಕಳೆದದ್ದು ಹೆಚ್ಚಾಗಿ ಅದರ ಹೊರಗೆ. ಹೊರಗೆ ನಿಂತು ನೋಡುವವಳಿಗೆ ಒಂದು ಕಿಟಕಿ ಸಾಲದೆ ಎರಡನೆಯದನ್ನು ನಾನೇ ಕೊರೆದುಕೊಂಡಿರಬಹುದು. ಈ ಬರಹದಲ್ಲಿ ಅಂಥವು ಇನ್ನೂ ಕೆಲವು ಇದ್ದಾವು. ಗೊತ್ತಾದ ಕಡೆ ಹೇಳುತ್ತೇನೆ. ಗೊತ್ತಾಗದ ಕಡೆ ನಾನೂ ಓದುವವರ ಜೊತೆಗೇ ಮೋಸಹೋಗುತ್ತೇನೆ.

ಮನೆ ಹೊಳೆನರಸೀಪುರದಲ್ಲಿತ್ತು, ಹೊಳೆಗೆ ಹತ್ತು ನಿಮಿಷದ ನಡಿಗೆ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ರಾಗಿ, ಅವರೆ, ತೆಂಗಿನಕಾಯಿ ಹಳ್ಳಿಮೈಸೂರಿನ ಹೊಲದಿಂದ ಬರುತ್ತಿತ್ತು. ಹಾಗಾಗಿ ಅಮ್ಮ ಹೊಲಿಯುತ್ತಿದ್ದದ್ದು ಹೊಟ್ಟೆಪಾಡಿಗಲ್ಲ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಅವಳು ಆ ಕೋಣೆಗೆ ನಡೆಯುತ್ತಿದ್ದ ರೀತಿ, ಬೇರೆಯವರ ಅಮ್ಮಂದಿರು ಸಿನಿಮಾಕ್ಕೆ ಹೊರಟ ಹಾಗಿರುತ್ತಿತ್ತು. ಅಪ್ಪನ ಹಳೇ ಪ್ಯಾಂಟು ಸಂತೆಚೀಲವಾಗುತ್ತಿತ್ತು. ಹರಿದ ಸೀರೆಯ ಅಂಚು ದಿಂಬಿನ ಚೀಲಕ್ಕೆ ಏರುತ್ತಿತ್ತು. ನಮ್ಮ ಮನೆಯ ರೇಡಿಯೋಗೂ ಗುಂಡಿ ಇದ್ದ ಒಂದು ಅಂಗಿ ಇತ್ತು. ಭಾನುವಾರ ಇದೇ ಉತ್ಸಾಹ ಅಡುಗೆಮನೆಗೆ ವರ್ಗವಾಗಿ ಕೇಕು ಆಗುತ್ತಿತ್ತು. ನಮ್ಮ ಬೀದಿಯಲ್ಲಿ ಓವನ್ ಇದ್ದ ಮನೆ ಯಾವುದೂ ಇರಲಿಲ್ಲ. ಹೊಳೆಯ ಮರಳನ್ನು ಜರಡಿ ಹಿಡಿದು, ತೊಳೆದು, ಒಣಗಿಸಿ, ಹಳೇ ಕುಕ್ಕರಿನ ತಳಕ್ಕೆ ಎರಡು ಬೆರಳು ದಪ್ಪ ಹಾಸಿ, ಸೀಮೆಎಣ್ಣೆ ಸ್ಟವ್ ಮೇಲೆ ಕಾಯಿಸಬೇಕು. ಮರಳು ಕಾದಮೇಲೆ ಹಿಟ್ಟಿನ ಡಬರಿಯನ್ನು ಅದರ ಮೇಲಿಟ್ಟು ಮುಚ್ಚಿದರೆ ಮುಕ್ಕಾಲು ಗಂಟೆಗೆ ಬೀದಿಯೆಲ್ಲ ವೆನಿಲ್ಲಾ ವಾಸನೆ. ಬೆಂದಿದೆಯೇ ಎಂದು ನೋಡಲು ತೆಂಗಿನಗರಿಯ ಹೊಸ ಕಡ್ಡಿಯೊಂದನ್ನು ನಡುವಿಗೆ ಚುಚ್ಚಿ ತೆಗೆಯಬೇಕು. ಹಿಟ್ಟು ಮೆತ್ತದೆ ಬಂದರೆ ಆಯಿತು. ಆ ಕಡ್ಡಿ ಚುಚ್ಚುವುದು ನನ್ನ ಕೆಲಸವಾಗಿತ್ತು, ಗಿರಿಜ ಬರುವವರೆಗೆ.

ಗಿರಿಜ ನನ್ನ ದೊಡ್ಡಮ್ಮನ ಮಗಳು, ಕೊಣನೂರಿನ ಹತ್ತಿರದ ಹಳ್ಳಿಯವಳು, ನನಗಿಂತ ಎರಡು ವರ್ಷ ದೊಡ್ಡವಳು. ದೊಡ್ಡಮ್ಮ ಕಾಯಿಲೆಯಾಗಿ ತೀರಿಕೊಂಡ ಮೇಲೆ, ಹೈಸ್ಕೂಲು ನಮ್ಮಲ್ಲೇ ಇದ್ದು ಓದಲಿ ಎಂದು ಅಮ್ಮ ಕರೆತಂದಳು. ನನಗಾಗ ಹನ್ನೊಂದು. ತಾಯಿಯಿಲ್ಲದ ಮಗು, ಅವಳ ಜೊತೆ ಜಗಳ ಆಡಬಾರದು ಎಂದು ಅಪ್ಪ ಮೊದಲೇ ಹೇಳಿಟ್ಟಿದ್ದರು. ತಪ್ಪಾದದ್ದು ಅಲ್ಲೇ ಇರಬೇಕು. ಜಗಳ ಆಡುವ ಹಾಗಿದ್ದಿದ್ದರೆ ಒಂದೆರಡು ವಾರದಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಆಡುವ ಹಾಗಿರಲಿಲ್ಲವಾಗಿ ನಾನು ಅವಳನ್ನು ನೋಡುತ್ತಾ ಇದ್ದೆ. ಅವಳು ಮುದ್ದೆ ಮುರಿಯುವುದನ್ನು, ಹೊದಿಕೆ ಮಡಚುವುದನ್ನು, ನನ್ನ ಅಮ್ಮನನ್ನು ಚಿಕ್ಕವ್ವ ಎಂದು ಕೂಗುವುದನ್ನು. ನಮ್ಮ ಮನೆಯಲ್ಲಿ ಅವ್ವ ಎಂಬ ಪದ ಬಳಕೆಯಲ್ಲಿರಲಿಲ್ಲ. ಅವಳು ಕೂಗಿದಾಗ ಅಮ್ಮನ ಮುಖದಲ್ಲಿ ಏನೋ ಸಡಿಲವಾಗುತ್ತಿತ್ತು. ಅಮ್ಮ ಹುಟ್ಟಿದ ಮನೆಯ ಪದ ಅದು. ಅದನ್ನು ಆಗ ಯಾರೂ ನನಗೆ ಹೇಳಲಿಲ್ಲ.

ಮಿಷನ್ನಿನ ವಿಷಯದಲ್ಲಿ ಅಮ್ಮನದು ಒಂದು ಕಟ್ಟಳೆ. ಮೊದಲು ಕರ್ಚೀಫಿನ ನಾಲ್ಕೂ ಅಂಚನ್ನು ಕೈಯಲ್ಲಿ ಮಡಚಿ ಹೊಲಿಯಬೇಕು, ಮೇಲಿನಿಂದ ನೋಡಿದರೆ ಒಂದು ಹೊಲಿಗೆಯೂ ಕಾಣಬಾರದು. ಆಮೇಲೆ ಮಾತ್ರ ಮಿಷನ್ ಮುಂದಿನ ಸ್ಟೂಲು. ನಾನು ಅದೇ ಕರ್ಚೀಫನ್ನು ಒಂದು ವರ್ಷದಿಂದ ಹೊಲಿಯುತ್ತಿದ್ದೆ. ಕೈಬೆವರಿಗೆ ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತ್ತು. ಪ್ರತಿಸಲ ಅಮ್ಮ ಬೆಳಕಿಗೆ ಹಿಡಿದು ನೋಡಿ, ಬಿಚ್ಚು ಮಂಜು, ಇನ್ನೊಂದ್ಸಲ ಹಾಕು ಎನ್ನುತ್ತಿದ್ದಳು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ಅಳಬಹುದಿತ್ತು. ಅಮ್ಮ ಯಾರನ್ನೂ ಹೊಗಳುವವಳಲ್ಲ, ತೀರಾ ಮೆಚ್ಚಿದರೆ ಗಂಟಲಲ್ಲಿ ಒಂದು ಹೂಂ ಎನ್ನುತ್ತಿದ್ದಳು. ಗಿರಿಜ ಬಂದ ಎಂಟನೆಯ ದಿನ ಅವಳ ಕರ್ಚೀಫನ್ನು ಬೆಳಕಿಗೆ ಹಿಡಿದು ಅಮ್ಮ ಹೂಂ ಎಂದಳು. ಎಂಟು ದಿನವಲ್ಲ, ಎರಡು ತಿಂಗಳು ಎನ್ನುತ್ತಾಳೆ ಅಮ್ಮ ಈಗ. ಇರಬಹುದು. ನನಗೆ ಅದು ಎಂಟೇ ದಿನ. ಬೇಕಾದರೆ ಕಿಟಕಿಯನ್ನು ಬಿಟ್ಟುಕೊಡುತ್ತೇನೆ, ಇದನ್ನಲ್ಲ.

ಆಮೇಲೆ ಕೋಣೆಯಲ್ಲಿ ಇಬ್ಬರಾದರು. ಮಿಷನ್ ತುಳಿಯುವ ಸದ್ದಿನಿಂದಲೇ ಸ್ಟೂಲಿನ ಮೇಲೆ ಯಾರಿದ್ದಾರೆಂದು ನಾನು ಹೇಳಬಲ್ಲವಳಾದೆ. ಅಮ್ಮನದು ಒಂದೇ ಸಮನೆ ಹೋಗುವ ಸದ್ದು, ಗಿರಿಜಳದು ತಡೆದು ತಡೆದು, ಆಮೇಲಾಮೇಲೆ ಅವಳದೂ ಒಂದೇ ಸಮನೆ. ಯಾರೆಂದು ಗೊತ್ತಾಗದೆ ಹೋದ ದಿನ ನಾನು ನಡುಮನೆಯಲ್ಲಿ ಕೂತು ಲಂಗದ ಅಂಚನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಗಿರಿಜಳೇ ಅದನ್ನು ಹೊಲಿದುಕೊಟ್ಟಳು. ಯಾಕೆ ಹೀಗಾಯಿತು ಎಂದು ಕೇಳಲಿಲ್ಲ. ಕೇಳದೆ ಹೊಲಿದುಕೊಟ್ಟದ್ದಕ್ಕೆ ಇನ್ನಷ್ಟು ಉರಿಯಿತು. ಒಂದು ಭಾನುವಾರ ಅಮ್ಮ ಹಿಟ್ಟಿನ ಕೈಯಲ್ಲೇ ಹಿಂದಕ್ಕೆ ತಿರುಗದೆ, ಕಡ್ಡಿ ಚುಚ್ಚಿ ನೋಡು ಗಿರಿಜಾ ಎಂದಳು. ನಾನು ಅಲ್ಲೇ ಬಾಗಿಲಲ್ಲಿ ಕಡ್ಡಿ ಹಿಡಿದು ನಿಂತಿದ್ದೆ. ಗಿರಿಜ ನನ್ನ ಕಡೆ ನೋಡಿದಳು. ನಾನು ಕಡ್ಡಿಯನ್ನು ಅವಳ ಕೈಗೆ ಕೊಟ್ಟು ಹೊರಗೆ ಹೋದೆ. ಆ ದಿನ ನನ್ನ ಪಾಲಿನ ಕೇಕು ತಿನ್ನಲಿಲ್ಲ ಎಂದೇ ಬಹಳ ವರ್ಷ ನಂಬಿದ್ದೆ. ತಿಂದಿರುತ್ತೇನೆ. ಕೇಕು ಬಿಡುವ ಹುಡುಗಿ ನಾನಾಗಿರಲಿಲ್ಲ.

ಗೌರಿ ಹಬ್ಬಕ್ಕೆ ತವರಿನಿಂದ ಹೆಣ್ಣುಮಕ್ಕಳಿಗೆ ಅರಿಸಿನ ಕುಂಕುಮ, ಬಳೆ, ರವಿಕೆ ಕಣ ಕಳಿಸುವುದು ನಮ್ಮ ಕಡೆ ಎಲ್ಲರ ಪದ್ಧತಿ. ನಮ್ಮ ಮನೆಯಲ್ಲಿ ಅದಕ್ಕೆ ಇನ್ನೊಂದು ಸೇರಿಕೊಂಡಿತ್ತು. ಚನ್ನರಾಯಪಟ್ಟಣದಲ್ಲಿದ್ದ ನನ್ನ ಸೋದರತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಕಣವನ್ನು ಹಾಗೇ ಕಳಿಸದೆ ಅಮ್ಮ ಹೊಲಿದು ಕಳಿಸುತ್ತಿದ್ದಳು. ಶ್ರಾವಣದಲ್ಲಿ ಅತ್ತೆ ತಮಗೆ ಸರಿಯಾಗಿ ಕೂರುವ ಒಂದು ಕಪ್ಪು ರವಿಕೆಯನ್ನು ಅಳತೆಗೆಂದು ಬಸ್ಸಿನಲ್ಲಿ ಬರುವ ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು. ಆ ಅಳತೆ ರವಿಕೆಯನ್ನು ಹೊಸ ಬಟ್ಟೆಯ ಮೇಲೆ ಹಾಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹೊಲಿಗೆಗೆ ಬೇಕಾದಷ್ಟು ಬಿಟ್ಟು ಕತ್ತರಿಸಬೇಕು. ಅತ್ತೆಗೆ ಅದು ಬರೀ ಉಡುಪಾಗಿರಲಿಲ್ಲ. ಹಬ್ಬದ ದಿನ ನಾಲ್ಕು ಜನ ಓರಗಿತ್ತಿಯರ ನಡುವೆ ಅವರೊಬ್ಬರಿಗೇ ತವರಿನಲ್ಲಿ ಹೊಲಿದ ರವಿಕೆ ಬರುತ್ತಿತ್ತು. ಅದನ್ನು ಹಾಕಿಕೊಂಡೇ ಅವರು ಬಾಗಿನ ಕೊಡುತ್ತಿದ್ದರು.

ಆ ವರ್ಷ ಅಮ್ಮ ಕರ್ಜಿಕಾಯಿ, ಚಕ್ಕುಲಿಯ ಬಾಣಲೆ ಮುಂದೆ ಕೂತವಳು, ಅತ್ತೆಯ ರವಿಕೆಯನ್ನು ಗಿರಿಜಳೇ ಕತ್ತರಿಸಿ ಹೊಲಿಯಲಿ ಎಂದಳು. ಗಿರಿಜಳ ಮೊದಲ ರವಿಕೆ. ನನಗೆ ಆ ದಿನ ಒಪ್ಪಿಸಿದ ಕೆಲಸ ಕರ್ಜಿಕಾಯಿಯ ಹೂರಣಕ್ಕೆ ಕೊಬ್ಬರಿ ತುರಿಯುವುದು. ಅಳತೆ ರವಿಕೆ ಕಾಗದದಲ್ಲಿ ಸುತ್ತಿದ ಹಾಗೇ ಹಲಗೆಯ ಮೇಲಿತ್ತು. ಮಿಷನ್ನಿನ ಕೆಳಗಿನ ಡ್ರಾಯರಿನಲ್ಲಿ ಇನ್ನೊಂದು ಕಪ್ಪು ರವಿಕೆ ಇರುವುದು ನನಗೆ ಗೊತ್ತಿತ್ತು. ಅತ್ತೆ ಮದುವೆಯಾದ ಹೊಸದರಲ್ಲಿ, ಕಡ್ಡಿಯ ಹಾಗಿದ್ದಾಗ, ಅಳತೆಗೆ ಕೊಟ್ಟು ಮರೆತುಹೋಗಿದ್ದದ್ದು. ಗಿರಿಜ ಬಾವಿಕಟ್ಟೆಗೆ ಹೋಗಿದ್ದಳು. ಎರಡು ನಿಮಿಷದ ಕೆಲಸ. ಅತ್ತೆ ಈಗ ಕಳಿಸಿದ್ದನ್ನು ತೆಗೆದು ನನ್ನ ಸ್ಕೂಲು ಚೀಲಕ್ಕೆ ತುರುಕಿದೆ, ಡ್ರಾಯರಿನ ಹಳೆಯದನ್ನು ಅದೇ ಕಾಗದದಲ್ಲಿ ಸುತ್ತಿಟ್ಟೆ. ಮರುದಿನ ಗಿರಿಜ ಕತ್ತರಿಸಿ ಮುಗಿಸಿದ ಮೇಲೆ ಎರಡನ್ನೂ ಮತ್ತೆ ಅವುಗಳ ಜಾಗಕ್ಕೆ ಸೇರಿಸಿದೆ. ಗಿರಿಜ ಬೈಸಿಕೊಳ್ಳಬೇಕು, ಸ್ಟೂಲಿನಿಂದ ಇಳಿಯಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಆ ರವಿಕೆಯೊಳಗೆ ಒಬ್ಬ ಹೆಂಗಸು ತೋಳು ಹಾಕಬೇಕಾಗುತ್ತದೆ ಎನ್ನುವುದು ನನ್ನ ತಲೆಗೇ ಬರಲಿಲ್ಲ. ಗಿರಿಜ ಹಸಿರು ರವಿಕೆಯನ್ನು ಹೊಲಿದು ಅಡುಗೆಮನೆಗೆ ತಂದು ತಿರುವಿಹಾಕಿ ತೋರಿಸಿದಳು. ಅಮ್ಮನ ಕೈಯೆಲ್ಲ ಎಣ್ಣೆ. ಮುಟ್ಟಲಿಲ್ಲ, ಒಳಗಿನ ಹೊಲಿಗೆಯನ್ನು ದೂರದಿಂದಲೇ ನೋಡಿ ಹೂಂ ಎಂದಳು. ಅಪ್ಪ ಅದನ್ನೂ ಅಳತೆ ರವಿಕೆಯನ್ನೂ ಹಬ್ಬದ ಸಾಮಾನಿನ ಜೊತೆ ಚೀಲಕ್ಕೆ ಹಾಕಿಕೊಂಡು ಪಟ್ಟಣದ ಬಸ್ಸು ಹತ್ತಿದರು.

ಹಬ್ಬ ಕಳೆದ ಮೂರನೆಯ ದಿನವೋ ನಾಲ್ಕನೆಯ ದಿನವೋ ಅತ್ತೆಯೇ ಬಂದರು. ಕಾಫಿಯನ್ನು ಮುಟ್ಟಲಿಲ್ಲ. ಹಸಿರು ರವಿಕೆಯನ್ನು ಚೀಲದಿಂದ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ, ಅಮ್ಮನಿಗೆ ಹೇಳಿದರು:

“ತವರಿಂದ ಬಂದೈತೆ ಅಂತ ಎಲ್ರ ಮುಂದೆ ಬಿಚ್ಚಿದ್ನಲ್ಲ ಸರೋಜ, ತೋಳೇ ಏರ್ಲಿಲ್ಲ. ನಮ್ಮ ಚಿಕ್ಕ ಓರಗಿತ್ತಿ ಸೆರಗು ಬಾಯಿಗಿಟ್ಕೊಂಡು ಒಳಕ್ಕೋದ್ಲು. ಹಳೇದು ಆಕ್ಕೊಂಡು ಬಾಗಿನ ಕೊಟ್ಟೆ ಕಣವ್ವ ಈ ವರ್ಸ.”

ಅಮ್ಮ ರವಿಕೆಯನ್ನು ಎತ್ತಿಕೊಂಡು ಗೇಣಿನಲ್ಲಿ ಅಳೆದಳು. ಗಿರಿಜ ಬಾಗಿಲ ಬಳಿ ಸೊರಗಿ ನಿಂತಿದ್ದಳು. ಅತ್ತೆ ಅವಳ ಕಡೆ ಗಲ್ಲ ಎತ್ತಿ, ಕತ್ತರಿ ಆಕಿದ್ದು ಈ ಮಗೂನಾ ಎಂದು ಕೇಳಿದರು. ನಾನು ಕಾಯುತ್ತಿದ್ದ ಗಳಿಗೆ ಅದು.

“ಇಲ್ಲ ಅತ್ಗೆ,” ಎಂದಳು ಅಮ್ಮ. “ಕತ್ತರಿ ಹಾಕಿದ್ದು ನಾನೇ. ಹಬ್ಬದ ಗಡಿಬಿಡೀಲಿ ಅಳತೆ ತಪ್ಪೋಯ್ತು.”

“ನಿನ್ ಕೈ ತಪ್ಪುತ್ತಾ ಸರೋಜ? ನಾನು ಊದ್ಕೊಂಡಿದೀನಿ ಅಂತ ಆಡ್ಕೊಂಡಂಗೈತೆ.”

ಹಾಗಲ್ಲ ಎಂದು ಹೇಳಲು ಅಮ್ಮನ ಬಳಿ ಏನೂ ಉಳಿದಿರಲಿಲ್ಲ. ಇದ್ದ ಒಂದೇ ಮಾತನ್ನು ಗಿರಿಜಳಿಗಾಗಿ ಖರ್ಚು ಮಾಡಿಬಿಟ್ಟಿದ್ದಳು. ನಾನು ಅಂದುಕೊಂಡದ್ದು ಹಾಗೆ. ಹಬ್ಬಕ್ಕೆಂದು ತನಗೆ ತಂದಿಟ್ಟುಕೊಂಡಿದ್ದ ಕಣವನ್ನು ಅಮ್ಮ ಕುಂಕುಮದ ಜೊತೆ ಅತ್ತೆಯ ಮಡಿಲಿಗಿಟ್ಟಳು. ಅತ್ತೆ ತೆಗೆದುಕೊಂಡರು, ಹಸಿರು ರವಿಕೆಯನ್ನು ಕುರ್ಚಿಯ ಮೇಲೇ ಬಿಟ್ಟು ಮಧ್ಯಾಹ್ನದ ಬಸ್ಸಿಗೆ ಹೋದರು. ಮುಂದಿನ ಶ್ರಾವಣದಲ್ಲಿ ಅಳತೆ ರವಿಕೆ ಬರಲಿಲ್ಲ. ಬರೀ ಕಣ ಸಾಕು, ಇಲ್ಲೇ ಟೈಲರ್ ಇದ್ದಾನೆ ಎಂದು ಅಪ್ಪನ ಬಳಿ ಹೇಳಿಕಳಿಸಿದ್ದರು. ಆಮೇಲೆ ಯಾವ ವರ್ಷವೂ ಬರಲಿಲ್ಲ. ಅಮ್ಮ ಅದರ ಬಗ್ಗೆ ಒಂದು ಮಾತೂ ಆಡಿದ್ದು ನನಗೆ ನೆನಪಿಲ್ಲ.

ಅತ್ತೆ ಹೋದ ಸಂಜೆ ಅಮ್ಮ ಮತ್ತು ಗಿರಿಜ ಕೋಣೆಯ ನೆಲದ ಮೇಲೆ ಎದುರುಬದುರು ಕೂತು ಆ ರವಿಕೆಯ ಹೊಲಿಗೆ ಬಿಚ್ಚುತ್ತಿದ್ದರು. ಇಬ್ಬರ ತಲೆಗಳೂ ಒಂದೇ ಬಟ್ಟೆಯ ಮೇಲೆ ಬಾಗಿದ್ದವು. ಅಮ್ಮ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ನಾನು ಬಾಗಿಲಿಗೆ ಬಂದದ್ದೇ ಮಾತು ನಿಂತಿತು. ತಪ್ಪು ಮಾಡಿದವಳಿಗೆ ಎಷ್ಟು ಅಕ್ಕರೆ ಎಂದುಕೊಂಡೆ. ತಪ್ಪು ಮಾಡಿದವಳು ನಾನು ಎನ್ನುವುದು ಆಗ ಮನಸ್ಸಿನಲ್ಲಿತ್ತೇ? ಇತ್ತು, ಆದರೆ ಪಕ್ಕದ ಮನೆಯಲ್ಲಿ ನಡೆದ ಸಂಗತಿಯ ಹಾಗೆ. ಗಿರಿಜಳಿಗೋಸ್ಕರ ಅಮ್ಮ ಸುಳ್ಳು ಹೇಳಿದಳು. ತನ್ನ ಕೈಯ ಹೆಸರು ಕೆಡಿಸಿಕೊಂಡಳು. ಅತ್ತಿಗೆಯ ನಂಟು ಕಳೆದುಕೊಂಡಳು. ನನಗೋಸ್ಕರ ಅವಳು ಏನು ಕಳೆದುಕೊಂಡಿದ್ದಾಳೆ ಎಂದು ಬಹಳ ದಿನ ಪಟ್ಟಿ ಮಾಡಲು ನೋಡಿದೆ, ಏನೂ ಹೊಳೆಯಲಿಲ್ಲ. ಬೂದಿ ಬಣ್ಣದ ಕರ್ಚೀಫನ್ನು ಹಿತ್ತಿಲಿನ ಒಲೆಗೆ ಹಾಕಿದೆ. ಅಲ್ಲಿಗೆ ನನ್ನ ಹೊಲಿಗೆ ಮುಗಿಯಿತು. ಇವತ್ತಿಗೂ ಅಂಗಿಗೆ ಗುಂಡಿ ಹಾಕಿಸಲು ಟೈಲರ್ ಹತ್ತಿರ ಹೋಗುವವಳು ನಾನು. ನಂತರ ಓದು, ಕಾಲೇಜಿನ ಕೆಲಸ, ಸಂಸಾರ ಎಲ್ಲ ಬಂದವು. ಆದರೆ ಹೊಸಬರು ಯಾರಾದರೂ ಒಂದು ಕೋಣೆಗೆ ಬಂದು, ಅಲ್ಲಿರುವವರ ಮುಖ ಅವರ ಕಡೆ ತಿರುಗಿದರೆ, ನಾನು ಈಗಲೂ ಆ ಸಂಜೆಯ ಬಾಗಿಲಲ್ಲೇ ನಿಂತಿರುತ್ತೇನೆ.

ಅಮ್ಮ ಈಗ ಹಾಸನದಲ್ಲಿ ನನ್ನ ಜೊತೆಗಿದ್ದಾಳೆ. ಹೊಲಿಗೆ ಬಿಟ್ಟಿಲ್ಲ, ದಾರ ಪೋಣಿಸಿಕೊಡುವುದು ನನ್ನ ಪಾಲು. ಕಳೆದ ಶ್ರಾವಣದ ಒಂದು ಮಧ್ಯಾಹ್ನ, ಯಾರೋ ಅರಿಸಿನ ಕುಂಕುಮದ ಜೊತೆ ಕೊಟ್ಟ ಕಣಗಳನ್ನು ಅವಳು ಬಣ್ಣ ನೋಡಿ ವಿಂಗಡಿಸುತ್ತಿದ್ದಾಗ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಪಶ್ಚಾತ್ತಾಪದಿಂದ ಅಲ್ಲ. ಆ ಬೆಳಿಗ್ಗೆ ಅವಳು ಫೋನಿನಲ್ಲಿ ಗಿರಿಜಳ ಜೊತೆ ಅರ್ಧ ಗಂಟೆ ನಗುತ್ತಾ ಮಾತಾಡಿದ್ದಳು. ನೀನು ಕಾಪಾಡಿದವಳು ತಪ್ಪೇ ಮಾಡಿರಲಿಲ್ಲ, ಅತ್ತೆಯ ನಂಟನ್ನು ಸುಮ್ಮನೆ ಕಳೆದುಕೊಂಡೆ ಎಂದು ಅವಳಿಗೆ ಮುಟ್ಟಿಸಬೇಕಿತ್ತು. ಅಮ್ಮ ಕೈಯಲ್ಲಿದ್ದ ಕಣವನ್ನು ಮಡಚಿಟ್ಟು, ಗೊತ್ತು ಎಂದಳು. ಹೇಗೆ ಎಂದೆ.

“ಅತ್ಗೆ ಬಂದಾಗ ಟೇಪು ತರಕ್ಕೆ ಅಂತ ಕೋಣೆಗೆ ಹೋದ್ನಲ್ಲ. ಡ್ರಾಯರ್ ಎಳೆದ್ರೆ ಆ ಹಳೇ ಕರೀ ರವಿಕೆ. ಅಂಚಿಗೆಲ್ಲ ಸೀಮೆಸುಣ್ಣ ಮೆತ್ಕೊಂಡಿತ್ತು. ಅದು ಅಲ್ಲಿರೋದು ನಿಂಗೆ ನಂಗೆ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ. ಕೊಡವಿ ಇಡಬಾರದಾಗಿತ್ತಾ?”

ನನ್ನ ನೆನಪಿನಲ್ಲಿ ಅಮ್ಮ ಎಲ್ಲಿಗೂ ಹೋಗುವುದಿಲ್ಲ. ಗೇಣಿನಲ್ಲಿ ಅಳೆದು, ತಕ್ಷಣ ಸುಳ್ಳು ಹೇಳುತ್ತಾಳೆ. ಅವಳು ಎದ್ದು, ಕೋಣೆಗೆ ಹೋಗಿ, ಡ್ರಾಯರ್ ಎಳೆದು, ನೋಡಿ, ಮುಚ್ಚಿ, ವಾಪಸು ಬಂದಷ್ಟು ಹೊತ್ತನ್ನು ನಾನು ಯಾವಾಗಲೋ ಕತ್ತರಿಸಿ ತೆಗೆದುಬಿಟ್ಟಿದ್ದೇನೆ. ಹಾಗಾದರೆ ಗಿರಿಜಳನ್ನು ಉಳಿಸಲು ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದೆ. ಅಮ್ಮ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

“ಅವಳನ್ನ ಯಾಕೆ ಉಳಿಸಬೇಕು, ಅವಳೇನು ಮಾಡಿದ್ಲು? ಕೊಟ್ಟ ಅಳತೆಗೆ ಸರಿಯಾಗೇ ಹೊಲ್ದಿದ್ಲು. ಅಳತೆ ರವಿಕೆ ಯಾವ್ದು ಅಂತ ಮಾತು ಎದ್ದಿದ್ರೆ ಅದು ನಿನ್ನ ಹತ್ರ ಬಂದು ನಿಲ್ತಿತ್ತು.”

ಇದನ್ನು ನಾನು ಪೂರ್ತಿ ನಂಬಿದೆನೆಂದು ಹೇಳಲಾರೆ. ಈಗ ನನ್ನ ಮನೆಯಲ್ಲಿ, ನನ್ನ ಕೈಯ ಊಟ ಉಣ್ಣುತ್ತಿರುವ ಅಮ್ಮ ಹಳೆಯ ಸಂಗತಿಯನ್ನು ನನ್ನ ಮೈಗೆ ಸರಿಯಾಗಿ ಕೂರುವಂತೆ ಹೊಲಿದುಕೊಡುತ್ತಿರಬಹುದು. ಅವಳಿಗೆ ಆ ಕೈಚಳಕ ಇದೆ. ಆ ಸಂಜೆ ಕೋಣೆಯಲ್ಲಿ ಕೂತಿದ್ದ ಇನ್ನೊಬ್ಬಳನ್ನು ಕೇಳದೆ ನನಗೆ ನಿದ್ದೆ ಬರುವ ಹಾಗಿರಲಿಲ್ಲ. ಮುಂದಿನ ಭಾನುವಾರ ಅರಕಲಗೂಡಿಗೆ ಹೋದೆ.

ಗಿರಿಜ ಅಲ್ಲಿಗೇ ಮದುವೆಯಾಗಿ ಹೋದವಳು, ಪ್ರೈಮರಿ ಸ್ಕೂಲಿನಲ್ಲಿ ಟೀಚರ್. ಭಾನುವಾರ ಬಂತೆಂದರೆ ಕೇಕು. ಈಗ ಅವಳ ಅಡುಗೆಕಟ್ಟೆಯ ಮೇಲೆ ಗಾಜಿನ ಬಾಗಿಲಿನ ಓವನ್ ಇದೆ. ರಾಗಿ ಹಿಟ್ಟು, ಬೆಲ್ಲ ಹಾಕಿ ಏನೋ ಹೊಸದನ್ನು ಪರೀಕ್ಷೆ ಮಾಡುತ್ತಿದ್ದಳು. ಕಿಟಕಿಗೆ ಅವಳೇ ಹೊಲಿದ ಪರದೆ, ಡಬ್ಬಗಳ ಕೆಳಗೆ ಅವಳೇ ಹೆಣೆದ ಚೌಕಗಳು. ಇವಳಿಗೆ ಇದಕ್ಕೆಲ್ಲ ಹೊತ್ತು ಎಲ್ಲಿಂದ ಸಿಗುತ್ತದೆ ಎಂದು ಬಂದಾಗಲೆಲ್ಲ ಆಗುವ ಉರಿ ಆವತ್ತೂ ಆಯಿತು. ನಾನು ಸುತ್ತಿಬಳಸದೆ ಕೇಳಿದೆ. ಅವಳು ಹಿಟ್ಟು ಕಲಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತು ಕಣಮ್ಮಿ. ಬಿಚ್ಚುವಾಗ್ಲೇ ಚಿಕ್ಕವ್ವ ಏಳಿದ್ರು. ಮಂಜು ಮಾಡಿರೋದು, ನೀನು ಬಾಯಿ ಬಿಡ್ಬ್ಯಾಡ, ಅವಳಿನ್ನೂ ಚಿಕ್ಕೋಳು ಅಂದ್ರು.”

ಹಾಗಾದರೆ ಅಮ್ಮನ ಮಾತು ನಿಜ. ಇಷ್ಟು ವರ್ಷ ಯಾಕೆ ಒಂದು ಸಲವೂ ಹೇಳಲಿಲ್ಲ ಎಂದು ಕೇಳಿದೆ. ಗಿರಿಜ ಡಬರಿಯನ್ನು ಓವನ್ನಿನೊಳಗಿಟ್ಟು, ಬಾಗಿಲು ಹಾಕಿ, ನನ್ನ ಎದುರು ಬಂದು ಕೂತಳು. ಅವಳ ದನಿ ಬದಲಾಗಿತ್ತು.

“ಏನಂತ ಏಳ್ಲಿ? ನನ್ನ ಮೊದಲ್ನೇ ರವಿಕೆ ಅದು. ಕೈ ಸರಿಯಾಗೈತೆ, ಇನ್ನೊಂದು ಒಲಿ ಗಿರಿಜಾ ಅನ್ಬೋದಿತ್ತು ಚಿಕ್ಕವ್ವ. ಬಿಚ್ಚು ಅಂದ್ರು. ಒಂದೊಂದು ಒಲಿಗೇನೂ ಬಿಚ್ಚಿದೆ. ತಪ್ಪು ಮಾಡ್ದೋಳ್ನ ಸೆರಗಲ್ಲಿ ಮುಚ್ಕೊಂಡ್ರು. ನಮ್ಮವ್ವ ಇದ್ದಿದ್ರೆ ನನ್ನೂ ಅಂಗೇ ಮುಚ್ಕೊಳ್ಳೋಳು ಅಂತ ಎಷ್ಟು ದಿನ ಅತ್ತಿದೀನಿ. ನಿನ್ ಪಕ್ದಲ್ಲೇ ಮಲಗ್ತಿದ್ನಲ್ಲ, ನಿನ್ ಮುಖ ನೋಡಿದ್ರೆ ಮೈಯೆಲ್ಲ ಉರಿಯೋದು ಕಣಮ್ಮಿ. ಅಷ್ಟು ಒಟ್ಟೆಕಿಚ್ಚು ನಾನು ಯಾರ್ ಮ್ಯಾಲೂ ಪಟ್ಟಿಲ್ಲ.”

ಇಲ್ಲಿ ನಾನು ಅವಳ ಕೈ ಹಿಡಿದುಕೊಂಡೆ ಎಂದು ಬರೆಯಬಹುದು. ನನ್ನ ಕಣ್ಣು ಒದ್ದೆಯಾಯಿತು ಎಂದು ಬರೆದರೂ ಓದುವವರು ಒಪ್ಪುತ್ತಾರೆ. ಆದದ್ದು ಬೇರೆ. ಹದಿಮೂರು ವರ್ಷದ ತಾಯಿಯಿಲ್ಲದ ಹುಡುಗಿ ನನ್ನ ಪಕ್ಕದಲ್ಲಿ ಮಲಗಿ ಅತ್ತಳು ಎಂಬುದು ಕಿವಿಗೆ ಬಿತ್ತು, ಎದೆಗೆ ಇನ್ನೂ ಇಳಿದಿರಲಿಲ್ಲ. ಅದಕ್ಕೆ ಮೊದಲೇ ಇನ್ನೊಂದು ಇಳಿದಿತ್ತು. ಆ ಮನೆಯಲ್ಲಿ, ಆ ಅಮ್ಮನ ವಿಷಯಕ್ಕೆ, ಗಿರಿಜಳಂಥ ಗಿರಿಜಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಇತ್ತು. ಅವಳು ಇನ್ನೂ ಏನೋ ಹೇಳುತ್ತಿದ್ದವಳು ನಡುವೆ ನಿಲ್ಲಿಸಿ ನನ್ನನ್ನು ದಿಟ್ಟಿಸಿ ನೋಡಿದಳು.

“ಯಾಕಮ್ಮಿ, ನಗ್ತಿದೀಯ?”

ನಗುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ.